ಹಾಡಿಗೆ ಓಗೊಡುವವರು ಯಾರು?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವನು. ಜನಪದ ಧಾಟಿಯಲ್ಲಿ ಸ್ವಂತ ಹಾಡುಗಳನ್ನು ಬರೆದು ಹಾಡುತ್ತೇನೆ. ಎಂಟು ಹಾಡುಗಳ ಆಲ್ಬಂ ಮಾಡುವ ಆಸೆಯಿದೆ. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರಿನದು ಒಂದು, ಹಿನ್ನೀರು ದಾಟಿಸುವ ಲಾಂಚಿನದು ಒಂದು, ಸಸಿ ನೆಡುವ ಹಾಡು, ದೀಪಾವಳಿಯ ಹಾಡು, ತತ್ವಪದದ ರೀತಿಯವು ಎರಡು, ಡೊಳ್ಳಿನ ಕುಣಿತಕ್ಕೆ ಹೊಂದುವಂಥವು ಎರಡು. ಸ್ಟುಡಿಯೋದವರು ಕೀಬೋರ್ಡ್, ಪಿಟೀಲು, ರಿದಂ ಪ್ಯಾಡ್ ಸೇರಿಸಿ ಮಾದರಿ ಮಾಡಿಕೊಟ್ಟಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ನನ್ನ ಹಾಡೆನ್ನಿಸುವುದಿಲ್ಲ. ಗೆಳೆಯರು ಒಂಟಿ ತಂತಿಯ ಏಕತಾರಿ, ಕೈಯಲ್ಲಿ ಹಿಡಿದು ಬಡಿಯುವ ದಮ್ಮಡಿ ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ. ಹಾಗೆ ಹಾಡಿದರೆ ಬರಿದಾಗಿ ಕೇಳಿಸುತ್ತದೆ. ಯಾರ ಮಾತು ಕೇಳಲಿ?

ಉತ್ತರ: ನೀವು ಕಳುಹಿಸಿದ ಎರಡೂ ಬಗೆಯ ಧ್ವನಿಮುದ್ರಣಗಳನ್ನು ಕೇಳಿದ್ದೇನೆ. ಏಕತಾರಿ ಹಿಡಿದು ನೀವೊಬ್ಬರೇ ಹಾಡಿದ್ದು ಒಂದು, ಸ್ಟುಡಿಯೋದಲ್ಲಿ ಸಿಂಗಾರಗೊಂಡು ಬಂದದ್ದು ಇನ್ನೊಂದು. ಎರಡಕ್ಕೂ ಇರುವ ಕೊರತೆ ಒಂದೇ, ಸೊಲ್ಲಿಗೆ ಮರುದನಿ ಕೊಡುವ ಹಿಮ್ಮೇಳವಿಲ್ಲ. ಮೊದಲನೆಯದರಲ್ಲಿ ನೀವು ಸೊಲ್ಲು ಮುಗಿಸಿ ನಿಂತಾಗ ಅದನ್ನು ಎತ್ತಿಕೊಳ್ಳುವವರು ಯಾರೂ ಇಲ್ಲ. ಎರಡನೆಯದರಲ್ಲಿ ನೀವು ಹಾಡುತ್ತಿರುವಾಗಲೇ ಮೂರು ವಾದ್ಯಗಳು ಮಾತಾಡುತ್ತವೆ, ನೀವು ನಿಂತಾಗ ನಿಮ್ಮ ಸೊಲ್ಲಿಗೆ ಸಂಬಂಧವಿಲ್ಲದ ಬೇರೊಂದು ರಾಗ ಹಿಡಿಯುತ್ತವೆ. ವಾದ್ಯ ಹೆಚ್ಚೋ ಕಡಿಮೆಯೋ ಎಂಬ ಜಗಳವನ್ನು ಸದ್ಯಕ್ಕೆ ಬದಿಗಿಡಿ. ಒಂದೊಂದು ಹಾಡನ್ನೂ ಎದುರಿಗಿಟ್ಟುಕೊಂಡು, ಇದಕ್ಕೆ ಓಗೊಡುವವರು ಯಾರು ಎಂದು ಕೇಳಿಕೊಳ್ಳಿ. ಅದು ಗೊತ್ತಾದರೆ ಯಾವ ವಾದ್ಯ, ಎಷ್ಟು ಹೊತ್ತು, ಎಲ್ಲಿ ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ.

ಮಲೆನಾಡಿನ ಹಾಡುಗಾರಿಕೆಯಲ್ಲಿ ಒಬ್ಬನೇ ನಿಂತು ಮೊದಲಿನಿಂದ ಕೊನೆಯವರೆಗೆ ಹಾಡುವ ರೂಢಿ ಕಡಿಮೆ. ಅಂಟಿಗೆ-ಪಂಟಿಗೆಯನ್ನೇ ನೋಡಿ. ದೀಪಾವಳಿಯ ರಾತ್ರಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದೀಪ ಹಿಡಿದು ಮನೆಯಿಂದ ಮನೆಗೆ ಹೋಗುವ ತಂಡ ವಾದ್ಯದ ಹಂಗಿಲ್ಲದೆ ಹಾಡುತ್ತದೆ. ಆದರೂ ಅದು ಬರಿದೆಂದು ಯಾರಿಗೂ ಅನ್ನಿಸುವುದಿಲ್ಲ. ಮುಂದಿನವರು ಒಂದು ಸೊಲ್ಲು ಹೇಳುತ್ತಾರೆ, ಹಿಂದಿನವರು ಅದನ್ನು ತಿರುಗಿ ಹಾಡುತ್ತಾರೆ. ಕೊನೆಯ ಅಕ್ಷರದ ಎಳೆತ ಮುಗಿಯುವ ಮೊದಲೇ ಹಿಂದಿನವರು ಹಿಡಿದುಕೊಳ್ಳುವುದರಿಂದ ನಡುವೆ ಬಿರುಕು ಬೀಳುವುದಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ನಿಂತು ಬಾಗಿಲು ತೆಗೆಯಿರೆಂದು ಹಾಡುವಾಗ ಒಳಗಿದ್ದವರನ್ನು ಎಬ್ಬಿಸುವುದೂ ಈ ಮರುದನಿಯೇ. ಮದುವೆ ಮನೆಯ ಸೋಬಾನೆಯಲ್ಲೂ ಇಬ್ಬರು ಹೆಂಗಸರು ಹೇಳಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಹೇಳಿಕೊಟ್ಟವರಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ಸೊಲ್ಲನ್ನು ನೆನೆಯಲು ಹೊತ್ತು ಸಿಗುತ್ತದೆ. ಕೇಳುವವರಿಗೆ ಹಿಂದಿನ ಸೊಲ್ಲಿನ ಅರ್ಥ ಮನಸ್ಸಿಗೆ ಇಳಿಯುತ್ತದೆ.

ನೀವು ಈ ಧಾಟಿಗಳನ್ನು ಕೇಳಿಕೊಂಡೇ ಬೆಳೆದವರು. ಹಾಗಾಗಿ ನೀವು ಒಬ್ಬರೇ ಕುಳಿತು ಬರೆದರೂ ಮರುಹಾಡಿನ ಜಾಗ ನಿಮ್ಮ ಹಾಡಿನೊಳಗೆ ಬಂದು ಕುಳಿತಿದೆ. ಸಸಿ ನೆಡುವ ಹಾಡು ತ್ರಿಪದಿಯಲ್ಲಿದೆ. ಅಂಶ ಛಂದಸ್ಸಿನ ಲೆಕ್ಕದಲ್ಲಿ ತ್ರಿಪದಿಗೆ ಒಟ್ಟು 11 ಗಣ, ಎಂದರೆ ಅಕ್ಷರಗಳ ಗುಂಪು. 6ನೆಯದು, 10ನೆಯದು ಎರಡಂಶದ ಬ್ರಹ್ಮಗಣ, ಉಳಿದವು ಮೂರಂಶದ ವಿಷ್ಣುಗಣ. ಪುಸ್ತಕದಲ್ಲಿ ಅದು ಮೂರು ಸಾಲು. ಬಾಯಿಗೆ ಬಂದಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಹಾಡಿ ಆಮೇಲೆ ಮೂರನೆಯ ಸಾಲಿಗೆ ಇಳಿಯುವುದರಿಂದ ನಾಲ್ಕಾಗುತ್ತದೆ. ಬ್ರಹ್ಮಗಣ ಗಿಡ್ಡದಾದ್ದರಿಂದ ಅಲ್ಲಿ ಅಕ್ಷರವನ್ನು ಎಳೆದು ತುಂಬಿಸಬೇಕಾಗುತ್ತದೆ. ಹಾಡಿನ ಸೊಗಸೆಲ್ಲ ಆ ಎಳೆತದಲ್ಲೂ ಆ ಮರುಸಾಲಿನಲ್ಲೂ ಇದೆ. ಸ್ಟುಡಿಯೋದವರು ಮಾಡಿರುವುದೇನು? ಎರಡನೆಯ ಸಾಲನ್ನು ಒಮ್ಮೆ ಮಾತ್ರ ಹಾಡಿಸಿ, ಮರುಸಾಲು ಬರಬೇಕಾದಲ್ಲಿ ಪಿಟೀಲಿನ ಒಂದು ಬಿಟ್ ತುರುಕಿದ್ದಾರೆ. ಕೇಳುವವನ ಕಿವಿ ಮರುಸಾಲಿಗೆ ಕಾದಿರುವ ಹೊತ್ತಿನಲ್ಲಿ ಯಾರೋ ಹೊರಗಿನವರು ಬಂದು ಮಾತು ತೆಗೆದಂತಾಗಿದೆ. ನಿಮ್ಮ ಹಾಡು ನಿಮಗೇ ಪರಕೀಯವಾಗಿದ್ದರ ಮುಖ್ಯ ಕಾರಣ ಇದು.

ವಾದ್ಯ ಸಂಯೋಜನೆ ಕಲಿಯಲು ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನದ ಹಿಮ್ಮೇಳಕ್ಕಿಂತ ಒಳ್ಳೆಯ ಶಾಲೆ ನಮ್ಮ ಸೀಮೆಯಲ್ಲಿಲ್ಲ. ಭಾಗವತರ ಕಂಠ ಮತ್ತು ತಾಳ, ಒಂದು ಶ್ರುತಿ, ಒಂದು ಮದ್ದಲೆ, ಒಂದು ಚಂಡೆ. ರಾತ್ರಿಯಿಡೀ ನಡೆಯುವ ಆಟವನ್ನು ಇಷ್ಟೇ ಸಾಮಗ್ರಿ ಹೊತ್ತು ನಿಲ್ಲಿಸುತ್ತದೆ. ಕರುಣ, ಶೃಂಗಾರದ ಪದ್ಯಗಳಲ್ಲಿ ಚಂಡೆ ಸುಮ್ಮನಿರುತ್ತದೆ, ಮದ್ದಲೆ ಮಾತ್ರ ಭಾಗವತರ ಜೊತೆಗಿರುತ್ತದೆ. ಪ್ರವೇಶಕ್ಕೆ, ಯುದ್ಧಕ್ಕೆ, ಪಾತ್ರ ಕೆರಳಿದಾಗ ಚಂಡೆ ಎದ್ದು ಬರುತ್ತದೆ. ಅದಕ್ಕೆ ಅಷ್ಟು ಬಲ ಬರುವುದು ಅಲ್ಲಿಯವರೆಗೆ ಸುಮ್ಮನಿದ್ದುದರಿಂದ. ನಿಮ್ಮ ಮಾದರಿಯಲ್ಲಿ ರಿದಂ ಪ್ಯಾಡ್ ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೆ ಒಂದೇ ಸಮನೆ ಬಡಿಯುತ್ತದೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಕಿವಿ ಅದನ್ನು ಗಮನಿಸುವುದನ್ನೇ ಬಿಟ್ಟಿರುತ್ತದೆ. ಪ್ರತಿ ಹಾಡಿಗೂ ಒಂದು ಹಾಳೆಯಲ್ಲಿ ಸೊಲ್ಲುಗಳನ್ನು ಬರೆದು, ಯಾವ ವಾದ್ಯ ಎಲ್ಲಿ ಬಂದು ಎಲ್ಲಿ ಹೋಗುತ್ತದೆಂದು ಪಕ್ಕದಲ್ಲಿ ಗುರುತು ಹಾಕಿ. ಹೋಗುವ ಜಾಗವೇ ಇಲ್ಲದ ವಾದ್ಯ ಇದ್ದರೆ ಅದನ್ನು ತೆಗೆದುಹಾಕಿ.

ಇನ್ನೊಂದು ಪರೀಕ್ಷೆಯಿದೆ. ಗಾಯಕ ಶಿವಮೊಗ್ಗ ಸುಬ್ಬಣ್ಣನವರು ನಿಮ್ಮ ತಾಲ್ಲೂಕಿನ ನಗರ ಎಂಬ ಊರಿನವರು. ಅವರಿಗೆ 1978ರ ಸಾಲಿನ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ‘ಕಾಡು ಕುದುರೆ’ ಚಿತ್ರದ ಹಾಡನ್ನು ಬರೆದು ಧಾಟಿ ಹಾಕಿದವರು ಚಂದ್ರಶೇಖರ ಕಂಬಾರರು. ಮಾತೂ ಮಟ್ಟೂ ಒಂದೇ ತಲೆಯಲ್ಲಿ ಹುಟ್ಟಿದ್ದು, ನಿಮ್ಮ ಹೆಚ್ಚಿನ ಹಾಡುಗಳ ಹಾಗೆಯೇ. ಅದರ ಮೊದಲ ಸಾಲನ್ನು ಯಾವುದೇ ಊರಿನಲ್ಲಿ ಯಾರೇ ಎತ್ತಿದರೂ ವಾದ್ಯದ ನೆರವಿಲ್ಲದೆ ಜನರಿಗೆ ಗುರುತು ಹತ್ತುತ್ತದೆ. ನಿಮ್ಮ ಎಂಟೂ ಹಾಡುಗಳ ಎತ್ತುಗಡೆಯನ್ನು ವಾದ್ಯವಿಲ್ಲದೆ, ಹಾಡನ್ನು ಒಮ್ಮೆ ಮಾತ್ರ ಕೇಳಿದವರ ಎದುರು ಹಾಡಿ ನೋಡಿ. ಗುರುತು ಹತ್ತದ ಹಾಡಿದ್ದರೆ ತಿದ್ದಬೇಕಾದದ್ದು ಅದರ ಧಾಟಿಯನ್ನು. ಅಂಥ ಹಾಡಿಗೆ ಎಷ್ಟು ವಾದ್ಯ ಹೇರಿದರೂ ಫಲವಿಲ್ಲ.

ಈಗ ಹಾಡುಗಳಿಗೆ ಬರುತ್ತೇನೆ. ಈ ಆಲ್ಬಮ್ಮಿನ ಜೀವ ಇರುವುದು ಮುಳುಗಡೆಯ ಹಾಡಿನಲ್ಲಿ, ಅದನ್ನು ದಯವಿಟ್ಟು ಕೆಡಿಸಬೇಡಿ. 1964ರಲ್ಲಿ ಮುಗಿದ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಗದ್ದೆ, ತೋಟ, ದೇವಸ್ಥಾನ ಬಿಟ್ಟು ಎದ್ದುಹೋದವರ ಮಕ್ಕಳು, ಮೊಮ್ಮಕ್ಕಳು ಇದನ್ನು ಕೇಳುತ್ತಾರೆ. ಸ್ಟುಡಿಯೋದವರು ಇಲ್ಲಿ ಪಿಟೀಲುಗಳ ಗುಂಪನ್ನೇ ತಂದು ಅಳಿಸಿದ್ದಾರೆ. ಸೊಲ್ಲು ಹೇಳುವ ಮೊದಲೇ ವಾದ್ಯ ಅತ್ತುಬಿಟ್ಟರೆ ಕೇಳುವವನಿಗೆ ಅಳಲು ಏನೂ ಉಳಿಯುವುದಿಲ್ಲ. ನನ್ನ ಸಲಹೆ ಇಷ್ಟು: ಮೊದಲ ಎರಡು ಚರಣ ಏಕತಾರಿ ಮತ್ತು ನಿಮ್ಮ ದನಿ. ಊರಿನ ಕೇರಿ, ಕಟ್ಟೆ, ಮರಗಳ ಹೆಸರು ಬರುವ ಮೂರನೆಯ ಚರಣದಿಂದ ಒಬ್ಬ ವಯಸ್ಸಾದ ಹೆಂಗಸಿನ ದನಿ ಪ್ರತಿ ಸೊಲ್ಲಿನ ಕೊನೆಯ ತುಂಡನ್ನಷ್ಟೇ ತಿರುಗಿ ಹೇಳಲಿ. ಅವರ ದನಿ ನಡುಗಿದರೆ ನಡುಗಲಿ, ಎರಡನೆಯ ಬಾರಿ ಹಾಡಿಸಬೇಡಿ. ಶ್ರುತಿಯ ಚಿಂತೆ ಬೇಡ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ನೀವು ಕಪ್ಪು ಒಂದರ ಶ್ರುತಿಯಲ್ಲಿ ಹಾಡುತ್ತೀರಿ, ಹಾಡು ಐದಾರು ಸ್ವರಗಳೊಳಗೇ ಸುಳಿಯುತ್ತದೆ; ಅದೇ ಶ್ರುತಿಯನ್ನು ಮೇಲಿನ ಸ್ಥಾಯಿಯಲ್ಲಿ ಹಿಡಿದರೆ ಅವರಿಗೂ ಎಟುಕುತ್ತದೆ. ಮೆರುಗು ಬರಲೆಂದು ಸ್ಟುಡಿಯೋದವರು ಬಿಳಿ ಮೂರಕ್ಕೆ ಏರಿಸಿದ್ದಾರೆ. ಅಲ್ಲಿ ನಿಮಗೂ ಕಷ್ಟ, ಅವರಿಗೂ ಕಷ್ಟ.

ಲಾಂಚಿನ ಹಾಡಿಗೆ ಬೇರೆ ಗುಣವಿದೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಹಿನ್ನೀರಿನಾಚೆಯ ತುಮರಿಯ ಕಡೆಯವರು ದಡದಲ್ಲಿ ಲಾಂಚಿಗೆ ಕಾದು ನಿಂತ ದಿನಗಳು ಹಿಂದಕ್ಕೆ ಸರಿದವು. ನಿಮ್ಮ ಹಾಡು ಅದನ್ನು ದುಃಖವೆಂದೂ ಹೇಳುವುದಿಲ್ಲ, ಹಬ್ಬವೆಂದೂ ಹೇಳುವುದಿಲ್ಲ. ಈ ನಿಲುವು ನನಗೆ ಬಹಳ ಇಷ್ಟವಾಯಿತು. ಮಾದರಿಯಲ್ಲಿ ಸೇರಿಸಿರುವ ಎಂಜಿನ್ನಿನ ಸದ್ದು, ನೀರಿನ ಸದ್ದು, ಹಕ್ಕಿಯ ಕೂಗು ಮೂರನ್ನೂ ತೆಗೆಸಿ. ಲಾಂಚು ಎಂಬ ಮಾತನ್ನು ನೀವು ಹಾಡಿದಾಗ ಕೇಳುಗನ ಮನಸ್ಸಿನಲ್ಲಿ ಅವನು ಹತ್ತಿದ ಲಾಂಚು ಮೂಡಬೇಕು. ಇಲ್ಲಿ ಓಗೊಡುವವರು ಜೊತೆಯಲ್ಲಿ ಕಾದು ನಿಂತ ಜನ. ಮೂರು ನಾಲ್ಕು ಗಂಡುದನಿ, ಕೈಚಪ್ಪಾಳೆ, ಒಂದು ದಮ್ಮಡಿ ಸಾಕು. ಅವರು ಹಾಡುಗಾರರೇ ಆಗಬೇಕೆಂದಿಲ್ಲ. ಪಲ್ಲವಿಯನ್ನು ಕೂಡಿ ಹೇಳಬಲ್ಲವರಾದರೆ ಆಯಿತು.

ಸಸಿ ನೆಡುವ ಹಾಡಿಗೆ ಹೆಂಗಸರ ದನಿ ಬೇಕೇ ಬೇಕು, ತಾಳವಾದ್ಯ ಬೇಡ. ಸಾಲಾಗಿ ಬಾಗಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ನೆಡುವವರ ಕೈಯೇ ಆ ಹಾಡಿನ ತಾಳ. ನೀವು ಬರೆದ ಹಾಡನ್ನು ಅವರಿಗೆ ಕಲಿಸಿ, ಮುಮ್ಮೇಳವನ್ನು ಅವರಿಗೇ ಬಿಟ್ಟುಕೊಟ್ಟು ನೀವು ಹಿಮ್ಮೇಳದಲ್ಲಿ ನಿಂತರೆ ಇನ್ನೂ ಒಳ್ಳೆಯದು. ದೀಪಾವಳಿಯ ಹಾಡಿನಲ್ಲಿ ವಾದ್ಯದ ಮಾತೇ ಎತ್ತಬೇಡಿ. ಇಬ್ಬರು ಹೇಳಲಿ, ಇಬ್ಬರು ತಿರುಗಿ ಹೇಳಲಿ, ನಡುವೆ ಒಂದೇ ಮೈಕ್ ಇರಲಿ. ತತ್ವಪದದ ರೀತಿಯ ಎರಡರಲ್ಲಿ ನಿಮ್ಮ ಗೆಳೆಯರ ಮಾತೇ ಸರಿ. ಏಕತಾರಿ, ದಮ್ಮಡಿ, ತಾಳ, ಪಲ್ಲವಿಗೆ ಎರಡು ದನಿ.

ಕುಣಿತದ ಹಾಡುಗಳ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ರಿದಂ ಪ್ಯಾಡಿನಲ್ಲಿ ಡೊಳ್ಳೆಂಬ ಹೆಸರಿನ ಗುಂಡಿ ಇರುತ್ತದೆ. ಅದು ಎಂದೋ ಮುದ್ರಿಸಿಟ್ಟ ಕೆಲವೇ ಪೆಟ್ಟುಗಳನ್ನು ಮತ್ತೆ ಮತ್ತೆ ಒದಗಿಸುತ್ತದೆ. ಕುಣಿಯುವವನು ಮೈ ತಿರುಗಿಸಿದಾಗ, ಬಾಗಿದಾಗ, ಸಾಲು ಬದಲಿಸಿದಾಗ ಒಂದೊಂದು ಪೆಟ್ಟೂ ಬೇರೆ ಬೇರೆ ತೂಕದಲ್ಲಿ ಬೀಳುತ್ತದಲ್ಲ, ಅದು ಆ ಗುಂಡಿಯೊಳಗೆ ಇಲ್ಲ. ನಮ್ಮ ಜಿಲ್ಲೆಯಲ್ಲಿ ಡೊಳ್ಳಿನ ತಂಡಗಳಿಗೆ ಬರವಿಲ್ಲ, ನಿಜವಾದ ಡೊಳ್ಳನ್ನೇ ಕರೆಸಿ. ನೀವು ಸೊಲ್ಲು ಹೇಳುವಾಗ ಅಂಗೈಯ ಕಡೆಯ ಮೆದು ಪೆಟ್ಟು ಮಾತ್ರ ಇರಲಿ. ಸೊಲ್ಲು ಮುಗಿದ ಕೂಡಲೇ ಕೋಲಿನ ಪೆಟ್ಟು ಎದ್ದು ಬರಲಿ. ಹೀಗೆ ಮಾಡಿದರೆ ಡೊಳ್ಳೇ ನಿಮ್ಮ ಹಿಮ್ಮೇಳವಾಗುತ್ತದೆ, ನೀವು ದನಿ ಏರಿಸಿ ಅದರೊಡನೆ ಸೆಣಸಬೇಕಾಗುವುದಿಲ್ಲ.

ಮುದ್ರಣದಲ್ಲಿ ಡೊಳ್ಳಿಗೆ ಎರಡು ಮೈಕ್ ಬೇಕು, ಎರಡು ಮಗ್ಗುಲಿಗೂ ಒಂದೊಂದು, ತುಸು ದೂರದಲ್ಲಿ. ಒಂದು ಚರ್ಮ ಒಳಕ್ಕೆ ಹೋದಾಗ ಇನ್ನೊಂದು ಹೊರಕ್ಕೆ ಬರುವುದರಿಂದ ಎರಡು ಮೈಕುಗಳ ಧ್ವನಿ ಒಂದನ್ನೊಂದು ತಿಂದುಹಾಕಬಹುದು. ಒಂದರ ಫೇಸ್ (ಧ್ವನಿಯ ಅಲೆಯ ದಿಕ್ಕು) ತಿರುಗಿಸಿ ಕೇಳಿ ನೋಡಲು ಎಂಜಿನಿಯರಿಗೆ ಹೇಳಿ, ತಗ್ಗಿನ ನಾದ ದಪ್ಪಗಾಗುವ ಕಡೆಯನ್ನು ಇಟ್ಟುಕೊಳ್ಳಿ. ಕೋಲಿನ ಕಡೆಯ ಮೈಕ್ ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ನಿಮ್ಮ ಕೇಳುಗರಲ್ಲಿ ಹೆಚ್ಚಿನವರು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳುತ್ತಾರೆ. ಡೊಳ್ಳಿನ ತಗ್ಗು ನಾದ ಅದರಲ್ಲಿ ಬಹುಮಟ್ಟಿಗೆ ಕಾಣೆಯಾಗುತ್ತದೆ, ಕೋಲಿನ ಸದ್ದು ಮಾತ್ರ ದಾಟಿ ಬರುತ್ತದೆ. ಮಿಕ್ಸಿಂಗ್ ಮುಗಿದ ಮೇಲೆ ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಮಾತ್ರ ಕೇಳಿ ಒಪ್ಪಬೇಡಿ.

ಕೀಬೋರ್ಡಿನ ಬಗ್ಗೆ ನನಗೆ ದ್ವೇಷವಿಲ್ಲ. ಸುಗಮ ಸಂಗೀತದಲ್ಲಿ ಅದನ್ನು ಹದವಾಗಿ ಬಳಸುವವರು ಬಹಳ ಜನರಿದ್ದಾರೆ. ನಿಮ್ಮ ಹಾಡುಗಳಿಗೆ ಅದು ಹೊಂದದಿರಲು ಶ್ರುತಿಯೇ ಕಾರಣ. ಏಕತಾರಿಯ ಷಡ್ಜವನ್ನು ಕೇಳುತ್ತ ಹಾಡುವವನ ಗಾಂಧಾರ ಆ ನಾದದೊಳಗೆ ಸಹಜವಾಗಿ ಕೂರುವ ಕಡೆ ಹೋಗಿ ನಿಲ್ಲುತ್ತದೆ. ಕೀಬೋರ್ಡಿನ ಎರಡು ಅಕ್ಕಪಕ್ಕದ ಮನೆಗಳ (ಕೀಗಳ) ನಡುವಿನ ಅಂತರವನ್ನು 100 ಭಾಗ ಮಾಡಿದರೆ ಕೀಬೋರ್ಡಿನ ಗಾಂಧಾರ ಆ ಸಹಜ ಗಾಂಧಾರಕ್ಕಿಂತ ಸುಮಾರು 14 ಭಾಗ ಮೇಲಿದೆ. ಕ್ಷಣಮಾತ್ರ ಮುಟ್ಟಿ ಹೋದರೆ ತೊಂದರೆಯಿಲ್ಲ. ಉದ್ದಕ್ಕೆ ಒತ್ತಿ ಹಿಡಿದರೆ ನಿಮ್ಮ ದನಿಗೂ ಅದಕ್ಕೂ ತಿಕ್ಕಾಟವಾಗುತ್ತದೆ. ನಿಮ್ಮ ಮಾದರಿಯಲ್ಲಿ ಆ ತಿಕ್ಕಾಟ ಕೇಳಬಾರದೆಂದು ನಿಮ್ಮ ದನಿಯನ್ನೇ ಸಾಫ್ಟ್‌ವೇರಿನಿಂದ ಎಳೆದು ಕೀಬೋರ್ಡಿನ ಗಾಂಧಾರಕ್ಕೆ ಜೋಡಿಸಿದ್ದಾರೆ. ಮುಳುಗಡೆಯ ಹಾಡಿನಲ್ಲಿ ನೀವು ಆ ಸ್ವರವನ್ನು ತುಸು ಕೆಳಗೆ ಹಿಡಿದು ಓಲಾಡಿಸುತ್ತಿದ್ದಿರಿ, ಹಾಡಿನ ನೋವೆಲ್ಲ ಅಲ್ಲಿತ್ತು. ಸಿಂಗರಿಸಿದ ಪ್ರತಿಯಲ್ಲಿ ಅದು ಅಳಿಸಿಹೋಗಿದೆ. ಶ್ರುತಿ ತಿದ್ದುವ ಸಾಫ್ಟ್‌ವೇರ್ ಈ ಆಲ್ಬಮ್ಮಿನ ಯಾವ ಹಾಡಿಗೂ ಬೇಡವೆಂದು ಮೊದಲ ದಿನವೇ ಹೇಳಿಬಿಡಿ. ಸಾಲಿಗೊಂದರಂತೆ ಬದಲಾಗುವ ಕಾರ್ಡ್‌ಗಳದೂ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳದೂ) ಇದೇ ಸಮಸ್ಯೆ. ನಿಮ್ಮ ಧಾಟಿ ಷಡ್ಜದ ಸುತ್ತಲೇ ಸುಳಿದಾಡುತ್ತದೆ, ಕೆಳಗಿನಿಂದ ಕಾರ್ಡ್ ಅದನ್ನು ಬೇರೆಲ್ಲಿಗೋ ಕರೆದೊಯ್ಯಲು ಜಗ್ಗುತ್ತದೆ.

ಕ್ಲಿಕ್ ಹಾಕಿಕೊಂಡು ಹಾಡುವುದೂ ಬೇಡ. ಕಿವಿಯಲ್ಲಿ ಯಂತ್ರದ ಟಕಟಕ ಇದ್ದರೆ ಸೊಲ್ಲಿನ ಕೊನೆಯ ಎಳೆತವನ್ನು ನಿಮಗೇ ಗೊತ್ತಿಲ್ಲದಂತೆ ಕತ್ತರಿಸುತ್ತೀರಿ. ಕುಣಿತದ ಹಾಡು ಮುಂದಕ್ಕೆ ಹೋದಂತೆ ಚುರುಕಾಗುವುದು ಸಹಜ, ಅದನ್ನು ತಡೆಯಬೇಕಾಗಿಲ್ಲ. ತಾಳ ಹಾಕುವವರನ್ನು ಎದುರಿಗೆ ಕೂರಿಸಿಕೊಂಡು, ಎಲ್ಲರೂ ಒಟ್ಟಿಗೆ ಒಂದೇ ಕೋಣೆಯಲ್ಲಿ ಹಾಡಿ. ಆಮೇಲೆ ತಪ್ಪು ತಿದ್ದಲು ಕಷ್ಟವಾಗುತ್ತದೆಂದು ಎಂಜಿನಿಯರ್ ಹೇಳುತ್ತಾರೆ, ಅದು ನಿಜ. ತಿದ್ದುವ ಅಗತ್ಯ ಬೀಳದಷ್ಟು ಅಭ್ಯಾಸ ಮಾಡಿಕೊಂಡು ಹೋಗಿ.

ಕೋಣೆಯ ವಿಷಯ. ಸ್ಟುಡಿಯೋಗೇ ಹೋಗಬೇಕೆಂದಿಲ್ಲ. ಮರದ ಮುಚ್ಚಿಗೆಯಿರುವ ಹಳೆಯ ಮನೆಯ ಜಗಲಿ, ಒಂದು ಮೂಲೆಯಲ್ಲಿ ಅಡಿಕೆ ಮೂಟೆಗಳು, ನೆಲಕ್ಕೆ ಕಂಬಳಿ ಇದ್ದರೆ ದನಿ ಹಿತವಾಗಿ ಮುದ್ರಣವಾಗುತ್ತದೆ. ಸಿಮೆಂಟಿನ ಸಭಾಭವನದಲ್ಲಿ ಮಾತ್ರ ಬೇಡ, ಅಲ್ಲಿಯ ಪ್ರತಿಧ್ವನಿಯನ್ನು ಆಮೇಲೆ ಯಾರಿಂದಲೂ ತೆಗೆಯಲಾಗುವುದಿಲ್ಲ. ಮಳೆಗಾಲದಲ್ಲಿ ಆಗುವ ಮಾತಲ್ಲ. ಹೆಂಚಿನ ಮೇಲಿನ ಸದ್ದು ಒಂದು ಕಡೆ, ಥಂಡಿಗೆ ಚರ್ಮ ಸಡಿಲವಾಗಿ ಡೊಳ್ಳು, ದಮ್ಮಡಿಗಳ ನಾದ ಇಳಿಯುವುದು ಇನ್ನೊಂದು ಕಡೆ. ಅಡಿಕೆ ಸುಲಿಯುವ ಯಂತ್ರಗಳ ಗದ್ದಲ ತಗ್ಗಿ, ಬೇಸಿಗೆಯ ಜೀರುಂಡೆ ಶುರುವಾಗುವ ಮುನ್ನ, ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಬೆಳಗಿನ ಹೊತ್ತು ಒಳ್ಳೆಯದು. ಆಗಲೂ ದಮ್ಮಡಿಯನ್ನು ಎರಡು ಹಾಡುಗಳ ನಡುವೆ ಬೆಂಕಿಗೆ ಹಿಡಿದು ಬಿಸಿ ಮಾಡಿಕೊಳ್ಳಬೇಕಾಗಬಹುದು, ಕೆಂಡ ಸಿದ್ಧವಿರಲಿ.

ಕೊನೆಯ ಹಂತದಲ್ಲಿ ದನಿಯನ್ನು ವಿಪರೀತ ಜೋರು ಮಾಡಿಸಬೇಡಿ. ಸ್ಪಾಟಿಫೈಯಂಥ ವೇದಿಕೆಗಳು ಎಲ್ಲ ಹಾಡುಗಳ ಗಟ್ಟಿತನವನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಸ್ಪಾಟಿಫೈ ಇಟ್ಟುಕೊಂಡ ಮಟ್ಟ, ಗಟ್ಟಿತನ ಅಳೆಯುವ LUFS ಮಾನದಲ್ಲಿ, ಮೈನಸ್ 14. ನೀವು ಹಿಂಡಿ ಹಿಂಡಿ ಜೋರು ಮಾಡಿದರೆ ಅವರು ತಗ್ಗಿಸುತ್ತಾರೆ, ಉಳಿಯುವುದು ಹಿಂಡಿದ ಗುರುತು ಮಾತ್ರ. ಒಂಟಿ ದನಿಗೂ ಡೊಳ್ಳಿಗೂ ನಡುವೆ ಇರುವ ಏರಿಳಿತವನ್ನು ಹಾಗೆಯೇ ಉಳಿಸಿಕೊಳ್ಳಿ.

ನೀವು ಕೇಳದಿದ್ದರೂ ಹೇಳಬೇಕಾದ ವಿಷಯ ಇನ್ನೊಂದಿದೆ. ಎಲ್ಲ ಹಕ್ಕುಗಳನ್ನೂ ಬರೆದುಕೊಡಿ ಎಂದು ಯಾರಾದರೂ ಕಾಗದ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ, ಧಾಟಿ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಸ್ವತ್ತುಗಳು. ನೀವು ಬರೆದ ಪದ ಮತ್ತು ಧಾಟಿಯ ಹಕ್ಕು ನಿಮ್ಮ ಜೀವಿತಾವಧಿ ಮತ್ತು ಆನಂತರದ 60 ವರ್ಷ. ಧ್ವನಿಮುದ್ರಣದ್ದು ಪ್ರಕಟವಾದ ಮೇಲೆ 60 ವರ್ಷ. 2012ರ ತಿದ್ದುಪಡಿಯ ನಂತರ, ಧ್ವನಿಮುದ್ರಣದಲ್ಲಿ ಸೇರಿದ ಪದ, ಧಾಟಿಗಳಿಗೆ ಬರುವ ಗೌರವಧನದ (ರಾಯಲ್ಟಿಯ) ಪಾಲನ್ನು ನೀವೇ ಬಿಟ್ಟುಕೊಡುತ್ತೇನೆಂದರೂ ಕಾನೂನು ಒಪ್ಪುವುದಿಲ್ಲ. ಹಾಡಿದವರಿಗೂ ನುಡಿಸಿದವರಿಗೂ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ಆದ್ದರಿಂದ ಸಸಿ ನೆಡುವ ಹಾಡಿನ ಹೆಂಗಸರು, ಮುಳುಗಡೆಯ ಹಾಡಿನ ಅಜ್ಜಿ, ಡೊಳ್ಳಿನ ತಂಡದವರು, ಎಲ್ಲರ ಹೆಸರನ್ನೂ ಆಯಾ ಹಾಡಿನ ವಿವರದಲ್ಲಿ ಹಾಕಿ. ಅವರಿಗೆ ಸಲ್ಲುವ ಹಣವನ್ನು ಮುದ್ರಣಕ್ಕೆ ಮೊದಲೇ ಮಾತಾಡಿ ಬರಹದಲ್ಲಿ ಇಡಿ. ದೀಪಾವಳಿಯ ಹಾಡಿನಲ್ಲಿ ಪದ ನಿಮ್ಮದು, ಧಾಟಿ ಹಳೆಯದು. ಅದರ ಮುಂದೆ ಸಾಂಪ್ರದಾಯಿಕ ಧಾಟಿ ಎಂದು ಬರೆದು, ಯಾವ ಊರಿನ ತಂಡದಿಂದ ಕಲಿತಿರೋ ಆ ಊರಿನ ಹೆಸರನ್ನೂ ಸೇರಿಸಿ. ಸಸಿ ನೆಡುವ ಹಾಡಿನ ಮರುಸಾಲನ್ನು ಹೆಂಗಸರಿಂದ ಹಾಡಿಸಿದ ಮೇಲೆ, ಮೊಬೈಲಿನಲ್ಲಿ ಮುದ್ರಿಸಿದ್ದಾದರೂ ಸರಿ, ನನಗೊಮ್ಮೆ ಕಳುಹಿಸಿಕೊಡಿ. ಉಳಿದ ಹಾಡುಗಳ ಹಿಮ್ಮೇಳವನ್ನು ಅದನ್ನು ಕೇಳಿದ ಮೇಲೆ ಇನ್ನೂ ನಿಖರವಾಗಿ ಹೇಳಬಲ್ಲೆ.